ಎತ್ತಿಗೆ ಜ್ವರ, ನಟ್ಟಿಗೆ ಬರೆ

“ಜಾಮ್ ಆಗಿದೆ ಸಾರ್, ಬರಲ್ಲ. ಕಟ್ ಮಾಡ್ಬೇಕು.”

ಶಿವಾಜಿನಗರದ ಗುಜರಿ ಗಲ್ಲಿಗಳಿಂದ ಹಿಡಿದು, ಹಳೇ ಮದ್ರಾಸು ರಸ್ತೆಯುದ್ದಕ್ಕೂ ಹಲಸೂರು, ಇಂದಿರಾನಗರ, ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ಲಾರಿ ಶೆಡ್ಡುಗಳವರೆಗೆ, ಹಳೇ ಜೀಪು ಸಾಕಿಕೊಂಡವರಾರೂ ಈ ಮಾತು ಕೇಳದೆ ಉಳಿದಿರಲಾರರು. ಹೇಳುವವನ ಮುಖದಲ್ಲಿ, ಕಾಲು ತೆಗೆಯಲೇಬೇಕು ಎಂದು ತೀರ್ಮಾನಿಸಿದ ಸರ್ಜನ್ನನ ಗಾಂಭೀರ್ಯ. ಕೇಳುವವನು ರೋಗಿಯ ಕಡೆಯವನಂತೆ ತಲೆಯಾಡಿಸುತ್ತಾನೆ. ಹುಡುಗ ಸಿಲಿಂಡರಿನ ಗಾಡಿ ಗಡಗಡ ತಳ್ಳಿಕೊಂಡು ಬರುತ್ತಾನೆ. ನೀಲಿ ಜ್ವಾಲೆ ಹೊತ್ತುತ್ತದೆ. ಹತ್ತು ನಿಮಿಷದಲ್ಲಿ ನಟ್ಟು ಕೆಂಪು ತುಂಡಾಗಿ ನೆಲಕ್ಕೆ ಬಿದ್ದು, ಚಹಾದ ಲೋಟಗಳು ಬರುತ್ತವೆ. ಎಲ್ಲರಿಗೂ ಒಂದು ಯುದ್ಧ ಗೆದ್ದ ಸಮಾಧಾನ.

ನನ್ನ ತಕರಾರು ಈ ಸಮಾಧಾನದ ಮೇಲೆ. ತುಕ್ಕು ಹಿಡಿದ ನಟ್ಟು ಬಲಕ್ಕೆ ಮಾತ್ರ ಬಗ್ಗುತ್ತದೆ, ಬಲಕ್ಕೂ ಬಗ್ಗದಿದ್ದರೆ ಬೆಂಕಿಯೇ ಗತಿ ಎಂಬುದು ನಮ್ಮ ಗ್ಯಾರೇಜುಗಳಲ್ಲೂ ಗಾಡಿ ಮಾಲೀಕರಲ್ಲೂ ವೇದವಾಕ್ಯವಾಗಿ ಕೂತಿದೆ. ಮೊದಲು ಪಾನಾ, ಆಮೇಲೆ ಪಾನಾದ ತುದಿಗೆ ಉದ್ದನೆಯ ಪೈಪು, ಆಮೇಲೆ ದೊಡ್ಡ ಸುತ್ತಿಗೆ, ಕೊನೆಗೆ ಗ್ಯಾಸು. ಈ ಕ್ರಮವನ್ನು ಯಾರೂ ಪ್ರಶ್ನಿಸುವುದಿಲ್ಲ. ನಾನು ಪ್ರಶ್ನಿಸುತ್ತೇನೆ. ಇದು ಲೋಹದ ಸ್ವಭಾವ ಅರಿಯದ ಕ್ರಮ, ಜೇಬಿಗೆ ಕನ್ನ ಹಾಕುವ ಕ್ರಮ, ಕೆಲವೊಮ್ಮೆ ಜೀವಕ್ಕೂ ಎರವಾಗುವ ಕ್ರಮ. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ, ಇದು ನಿಜವಾದ ತಪ್ಪಿತಸ್ಥನನ್ನು ಸದ್ದಿಲ್ಲದೆ ಬಿಟ್ಟುಕಳಿಸುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆ ಬೀಳುವುದು ನಟ್ಟಿಗೆ.

ಬೇರೆ ಊರಿನವರು ಹೀಗೆ ಮಾಡಿದರೆ ಒಂದು ಮಾತು. ಬೆಂಗಳೂರಿನ ಈ ಮಗ್ಗುಲು ಹುಟ್ಟಿದ್ದೇ ದಂಡಿನಿಂದ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬಂದು ಇಲ್ಲಿ ನೆಲೆಯೂರಿದ ಬ್ರಿಟಿಷ್ ಪಡೆಯ ಹಿಂದೆಯೇ ಕಮ್ಮಾರರು, ಬಡಗಿಗಳು, ಜೀನು ಹೊಲಿಯುವವರು ಬಂದರು. ಹಲಸೂರಿನಲ್ಲಿ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಇದ್ದಾರೆ. ಸೇನೆಯ 515ನೇ ಬೇಸ್ ವರ್ಕ್‌ಶಾಪ್ ಇದೆ. ಆಚೆ 1940ರಲ್ಲಿ ಎಚ್‌ಎಎಲ್ ಬಂತು, 1948ರಲ್ಲಿ ದೂರವಾಣಿನಗರದ ಐಟಿಐ ಬಂತು, ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಬಂತು, 1964ರಲ್ಲಿ ಬಿಇಎಂಎಲ್ ಬಂತು. ವಿಮಾನದ ಬೋಲ್ಟನ್ನು ಅಳತೆಯ ಬಿಗಿತಕ್ಕೆ ತಿರುಗಿಸಿ, ತಂತಿ ಹೆಣೆದು ಭದ್ರ ಮಾಡುವುದನ್ನು ಬದುಕಾಗಿಸಿಕೊಂಡ ಫಿಟ್ಟರುಗಳ ಮನೆಗಳು ಈ ಬೀದಿಗಳಲ್ಲೇ ಇವೆ. ಅವರ ಮನೆಯಿಂದ ಕೂಗಳತೆಯ ದೂರದಲ್ಲಿ ಒಬ್ಬ ಹುಡುಗ ಪಾನಾದ ಮೇಲೆ ನಿಂತು ಕುಣಿಯುತ್ತಿರುತ್ತಾನೆ.

ಹಲಸೂರಿನ ಸ್ಯಾಪರ್ಸ್ ಹೆಸರು ಬಂದಾಗ ಒಂದು ನೆನಪಾಗುತ್ತದೆ. ಆ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಇದೇ ಊರಲ್ಲಿ ಒಂದು ಉಪಾಯ ಕಂಡುಹಿಡಿದ: ಉದ್ದನೆಯ ಪೈಪುಗಳಿಗೆ ಮದ್ದು ತುಂಬಿ, ಒಂದಕ್ಕೊಂದು ಜೋಡಿಸಿ, ಮುಳ್ಳುತಂತಿಯ ಬೇಲಿಯಡಿ ತಳ್ಳಿ ಸಿಡಿಸುವುದು. ಜಗತ್ತಿನ ಸೇನೆಗಳೆಲ್ಲ ಅದನ್ನು ಇಂದಿಗೂ ‘ಬ್ಯಾಂಗಲೋರ್ ಟಾರ್ಪಿಡೊ’ ಎನ್ನುತ್ತವೆ. ಮುಳ್ಳುತಂತಿಗೆ ಅದು ಸರಿಯಾದ ಮದ್ದು, ಯಾಕೆಂದರೆ ಆ ತಂತಿ ಆಮೇಲೆ ಯಾರಿಗೂ ಬೇಕಾಗಿಲ್ಲ. ನಮ್ಮ ಮೆಕ್ಯಾನಿಕ್ಕುಗಳು ಪಾನಾಗೆ ಪೈಪು ಸಿಕ್ಕಿಸುವಾಗಲೂ ಅದೇ ಮದ್ದಿನ ಮನಸ್ಥಿತಿ. ವ್ಯತ್ಯಾಸ ಇಷ್ಟೇ, ಜೀಪಿನ ಆಕ್ಸಲ್ಲು ನಮಗೆ ನಾಳೆಯೂ ಬೇಕು.

ಪೈಪಿನ ಲೆಕ್ಕವನ್ನೇ ನೋಡಿ. 12 ಮಿಲಿಮೀಟರ್ ದಪ್ಪದ, ತಲೆಯ ಮೇಲೆ 8.8 ಎಂದು ಅಚ್ಚೊತ್ತಿದ ಒಳ್ಳೆಯ ಬೋಲ್ಟನ್ನು ಬಿಗಿ ಮಾಡಲು ಬೇಕಾದ್ದು ಸುಮಾರು 80 ನ್ಯೂಟನ್-ಮೀಟರ್ ತಿರುಚುಬಲ. ಒಂದಡಿ ಉದ್ದದ ಪಾನಾದ ತುದಿಗೆ 40 ಕಿಲೋ ಭಾರ ಬಿಟ್ಟರೆ 120ರ ಹತ್ತಿರ ಬರುತ್ತದೆ. ಅದೇ ಭಾರವನ್ನು ನಾಲ್ಕಡಿ ಪೈಪಿನ ತುದಿಗೆ ಬಿಟ್ಟರೆ 480ರ ಹತ್ತಿರ. ಬಿಗಿ ಮಾಡಲು ಬೇಕಾದ ಬಲದ ಆರು ಪಟ್ಟು! ಬೋಲ್ಟು ತುಂಡಾಗಲು ಅದರ ಅರ್ಧವೂ ಬೇಡ. ಹಾಗಾಗಿ ಪೈಪು ಹಾಕಿದ ಮೇಲೆ ‘ಟಕ್’ ಎಂದು ಸಡಿಲವಾದರೆ ಅದು ನಟ್ಟು ಬಿಚ್ಚಿಕೊಂಡ ಸದ್ದೋ, ಬೋಲ್ಟಿನ ಕುತ್ತಿಗೆ ಮುರಿದ ಸದ್ದೋ ಎಂದು ಒಂದು ಕ್ಷಣ ಎಲ್ಲರೂ ಉಸಿರು ಹಿಡಿಯುತ್ತಾರೆ. ಕಸುಬೆಂದರೆ ಕಣ್ಣು ಮುಚ್ಚಿ ನಾಣ್ಯ ಚಿಮ್ಮುವುದಲ್ಲ.

ತುಕ್ಕು ನಟ್ಟನ್ನು ಹಿಡಿದುಕೊಳ್ಳುವುದು ಹೇಗೆ? ಕಬ್ಬಿಣ ತುಕ್ಕಾದಾಗ ಊದುತ್ತದೆ. ತಾನು ಕಬ್ಬಿಣವಾಗಿದ್ದಾಗ ಹಿಡಿಯುತ್ತಿದ್ದ ಜಾಗಕ್ಕಿಂತ ಎರಡು ಪಟ್ಟಿನಿಂದ ಹಿಡಿದು ಆರು ಪಟ್ಟಿನವರೆಗೆ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಆ ಜಾಗ ಎಲ್ಲಿಂದ ಬರಬೇಕು? ಅಕ್ಕಿ ಮೂಟೆಯೊಳಗೆ ನೀರು ಹೊಕ್ಕಂತೆ, ಊದಿದ್ದು ಎರಡೂ ಕಡೆಯ ಲೋಹವನ್ನು ಒತ್ತಿ ಬೆಣೆ ಹೊಡೆದ ಹಾಗೆ ಕೂರುತ್ತದೆ. ಮೊದಲೇ ನಾವು ನಟ್ಟಿಗೆ ಹಾಕುವ ತಿರುಚುಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉಜ್ಜಾಟಕ್ಕೇ ಹೋಗುತ್ತದೆ. ಬೆಣೆ ಕೂತ ಮೇಲೆ ಕೇಳಬೇಕೆ? ಆದರೆ ಈ ತುಕ್ಕಿಗೊಂದು ದೌರ್ಬಲ್ಯ ಇದೆ. ಅದು ಮಡಕೆಯ ಹಾಗೆ, ಪೆಡಸು. ಎಳೆದರೆ ಜಗ್ಗುವುದಿಲ್ಲ, ನಡುಗಿಸಿದರೆ ಪುಡಿಯಾಗುತ್ತದೆ. ಸಣ್ಣ ಸುತ್ತಿಗೆಯಿಂದ ನಟ್ಟಿನ ಆರೂ ಮುಖಕ್ಕೆ ಟಕಟಕ ತಟ್ಟಿ, ಎದುರು ಮುಖಕ್ಕೆ ಇನ್ನೊಂದು ಸುತ್ತಿಗೆ ಆನಿಸಿ, ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಕಾಲು ಸುತ್ತು ಹಿಂದಕ್ಕೆ, ಅರೆಕಾಲು ಮುಂದಕ್ಕೆ, ಎಣ್ಣೆ ಬಿಟ್ಟು ಮತ್ತೆ ಹಿಂದಕ್ಕೆ ಆಡಿಸಿದರೆ ಬೆಣೆ ತಾನಾಗಿ ಉದುರುತ್ತದೆ. ಭೀಮನ ಗದೆಗೆ ಇಲ್ಲಿ ಕೆಲಸವೇ ಇಲ್ಲ.

ಬೆಂಕಿಯ ವಿಷಯಕ್ಕೆ ಬರೋಣ. ಬಿಸಿಯ ವಿರುದ್ಧ ನನ್ನ ಮಾತಿಲ್ಲ. ಬಿಸಿಯ ಉಪಯೋಗ ನಮ್ಮ ಹಳ್ಳಿಯ ಕಮ್ಮಾರನಿಗೆ ಕಾಲೇಜಿಲ್ಲದೆ ಗೊತ್ತಿತ್ತು. ಎತ್ತಿನಗಾಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕುವಾಗ ಅವನು ಹಳಿಯನ್ನು ಬೆರಣಿಯ ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಮರದ ಗಾಲಿಗೆ ಕೂರಿಸಿ, ನೀರು ಸುರಿದು ಬಿಗಿಸುತ್ತಿದ್ದ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಾರದಿದ್ದರೆ ಅಮ್ಮ ಬಿಸಿನೀರು ಬಿಡುವುದು ಮುಚ್ಚಳಕ್ಕೆ, ಬಾಟಲಿಗಲ್ಲ. ಕಾಯಿಸಬೇಕಾದ್ದು ಹೊರಗಿನದನ್ನು, ಅಂದರೆ ನಟ್ಟನ್ನು. ಅದೂ ಎಷ್ಟು? ಉಕ್ಕು ಒಂದು ಡಿಗ್ರಿ ಬಿಸಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. 20 ಮಿಲಿಮೀಟರ್ ಅಗಲದ ನಟ್ಟನ್ನು 300 ಡಿಗ್ರಿ ಕಾಯಿಸಿದರೆ ಹಿಗ್ಗುವುದು 0.07 ಮಿಲಿಮೀಟರ್, ಒಂದು ತಲೆಗೂದಲಿನ ದಪ್ಪ. ಆ ಕೂದಲೆಳೆಯ ಸಂದಿಯೇ ಸಾಕು. ಆಗ ಮೇಣದಬತ್ತಿಯ ತುದಿ ತಾಗಿಸಿದರೆ ಕರಗಿದ ಮೇಣ ಥ್ರೆಡ್ಡಿನೊಳಕ್ಕೆ ತಾನೇ ಇಳಿಯುತ್ತದೆ.

ನಮ್ಮ ಗ್ಯಾಸಿನವನು ನಿಲ್ಲುವುದು ಅಲ್ಲಲ್ಲ. ನಟ್ಟು, ಬೋಲ್ಟು, ಹಬ್ಬು ಎಲ್ಲ ಒಟ್ಟಿಗೆ ಕೆಂಡದಂತೆ ಕೆಂಪಾಗುವ ತನಕ ಹಿಡಿಯುತ್ತಾನೆ. ಎಲ್ಲವೂ ಒಟ್ಟಿಗೆ ಹಿಗ್ಗಿದರೆ ಸಂದಿ ಎಲ್ಲಿ ಬಂತು? ಅಷ್ಟೇ ಆದರೆ ಕ್ಷಮಿಸಬಹುದಿತ್ತು. 8.8 ದರ್ಜೆಯ ಬೋಲ್ಟಿಗೆ ಅದರ ಗಟ್ಟಿತನ ಬಂದಿರುವುದೇ ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿದ್ದರಿಂದ. ಆ ಹದದ ಕನಿಷ್ಠ ಮಿತಿ 425 ಡಿಗ್ರಿ. ಕತ್ತಲಲ್ಲಿ ಕಣ್ಣಿಗೆ ಕೆಂಪು ಕಾಣುವ ಹೊತ್ತಿಗೆ ಲೋಹ 500 ದಾಟಿರುತ್ತದೆ, ಹದ ಕೆಟ್ಟಿರುತ್ತದೆ. ಹಾಗೆ ಕೆಂಪಾದ ಬೋಲ್ಟನ್ನೇ ಒರೆಸಿ ಮತ್ತೆ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಕ್ಕದಲ್ಲಿರುವ ಬೇರಿಂಗಿನ ಕತೆ ಇನ್ನೂ ನಾಜೂಕು. ಬೇರಿಂಗ್ ತಯಾರಿಸುವವರೇ 120 ಡಿಗ್ರಿ ಆಸುಪಾಸಿಗೆ ಲಕ್ಷ್ಮಣರೇಖೆ ಎಳೆದಿದ್ದಾರೆ. ಗ್ರೀಸು ಹೊಗೆಯಾಡಿ ಸೀಲು ಕರಗಿದರೂ ಮೇಲ್ನೋಟಕ್ಕೆ ಏನೂ ಕಾಣುವುದಿಲ್ಲ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಅದು ಗುಂಯ್ ಎನ್ನತೊಡಗುತ್ತದೆ. ಆಗ “ಡೂಪ್ಲಿಕೇಟ್ ಬೇರಿಂಗ್ ಸಾರ್” ಎಂಬ ತೀರ್ಪು ಬರುತ್ತದೆ. ಇನ್ನು ಟೈರು ಕಳಚದೆ ಚಕ್ರದ ನಟ್ಟಿಗೆ ಗ್ಯಾಸು ಹಿಡಿಯುವುದಂತೂ ಸಾವಿನ ಜೊತೆ ಸರಸ. ರಿಮ್ಮು ಕಾದರೆ ಟೈರಿನೊಳಗಿನ ರಬ್ಬರು ಅನಿಲವಾಗಿ ಸಿಡಿಯಬಲ್ಲದು. ಗಾಳಿ ಬಿಟ್ಟಿದ್ದೇವೆ ಎಂಬ ಧೈರ್ಯವೂ ಅಲ್ಲಿ ಕೆಲಸಕ್ಕೆ ಬಾರದು.

ಬಲದವರು, ಬೆಂಕಿಯವರು ಆದ ಮೇಲೆ ಮೂರನೆಯ ಪಂಥ ಡಬ್ಬಿಯವರದು. ಇಂದಿರಾನಗರದ ಹೊಸ ಜೀಪಿನ ಮಂದಿ ಹೆಚ್ಚಾಗಿ ಈ ಪಂಥದವರು. ಡಬ್ಲ್ಯುಡಿ-40 ಚುಯ್ ಎಂದು ಹೊಡೆದು, ಅರ್ಧ ನಿಮಿಷ ಕಾದು, ಪಾನಾ ಹಾಕಿ, ಬರದಿದ್ದರೆ ಡಬ್ಬಿಯನ್ನು ಬಯ್ಯುತ್ತಾರೆ. 1953ರಲ್ಲಿ ಕ್ಷಿಪಣಿಯ ಮೈಗೆ ನೀರು ತಾಕದಿರಲಿ ಎಂದು ಮಾಡಿದ ದ್ರವ ಅದು; 39 ಸಲ ಸೋತು 40ನೆಯದಕ್ಕೆ ಗೆದ್ದದ್ದರಿಂದ ಆ ಸಂಖ್ಯೆ. ನೀರನ್ನು ಓಡಿಸುವುದು ಅದರ ಹುಟ್ಟುಗುಣ. ಜಾಮ್ ಬಿಡಿಸಲೆಂದೇ ಮಾಡಿದ, ಸಂದಿಗೆ ಇಳಿಯುವ ಎಣ್ಣೆಗಳೇ ಬೇರೆ. ಹಾಗಿದ್ದೂ ಯಾವ ಎಣ್ಣೆ ಎಂಬುದಕ್ಕಿಂತ ಎಷ್ಟು ಹೊತ್ತು ಎಂಬುದೇ ದೊಡ್ಡ ಪ್ರಶ್ನೆ. ಇಡ್ಲಿಗೆ ಉದ್ದು ನೆನೆಹಾಕುವ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಬಿಡಿಸಿ ಹೇಳಬೇಕೆ? ಬ್ರಶ್ಶಿನಿಂದ ಹೊರಗೆ ಚಾಚಿದ ಥ್ರೆಡ್ಡಿನ ಕೊಳೆ ತೆಗೆದು, ಸಂಜೆ ಒಮ್ಮೆ ಎಣ್ಣೆ ಬಿಟ್ಟು, ತಟ್ಟಿ, ಬೆಳಿಗ್ಗೆ ಇನ್ನೊಮ್ಮೆ ಬಿಟ್ಟು ತಟ್ಟಿ, ಎರಡು ದಿನ ಹೀಗೆ ಮಾಡಿದರೆ ಡೀಸೆಲ್ಲೂ ಪವಾಡ ಮಾಡುತ್ತದೆ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಅಪ್ಪಚ್ಚಿ ಮಾಡುತ್ತೇವೆ. ಬಿಚ್ಚಿಟ್ಟ ಬೋಲ್ಟುಗಳನ್ನು ಅದೇ ನಿಂಬೆಯ ಹುಳಿಯ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೆ ತುಕ್ಕು ಕರಗಿಹೋಗುತ್ತದೆ ಎಂಬುದು ಯಾರಿಗೂ ನೆನಪಾಗುವುದಿಲ್ಲ.

ಮಾತಿಗೆ ಸಾಕ್ಷಿ ಬೇಕಲ್ಲ. ನನ್ನದೇ ಜೀಪು ಸಾಕ್ಷಿ. ಮಲೆನಾಡಿನ ಒಂದು ತೋಟದಲ್ಲಿ ಬಾಳಿ ಬಂದ, ಬೆನ್ನ ಮೇಲೆ ‘ಲೆಫ್ಟ್ ಹ್ಯಾಂಡ್ ಡ್ರೈವ್’ ಎಂದು ಬರೆದುಕೊಂಡ ಹಳೇ ಸಿಜೆ-3ಬಿ. ಮಹೀಂದ್ರಾದವರು ವಿಲ್ಲಿಸ್ ಜೀಪು ಜೋಡಿಸಲು ತೊಡಗಿದ್ದು 1947ರಲ್ಲಿ. ಅದೇ ವಂಶದ ಗಾಡಿ. ಬೆಂಗಳೂರಿನ ಮಳೆ ವರ್ಷಕ್ಕೆ ಒಂದು ಸಾವಿರ ಮಿಲಿಮೀಟರಿನ ಆಚೀಚೆ. ಆಗುಂಬೆಯ ಕಡೆ ಅದು ಏಳು ಸಾವಿರ ದಾಟುತ್ತದೆ. ಆ ಮಳೆ ತಿಂದ ಗಾಡಿಯ ಹಿಂದಿನ ಬ್ರೇಕು ನೋಡಬೇಕಿತ್ತು. ಒಂದು ಗ್ಯಾರೇಜಿಗೆ ಬಿಟ್ಟೆ. ಯಾವುದೆಂಬುದು ಇಲ್ಲಿ ಬೇಡ. ಎಡಗಡೆಯ ಚಕ್ರದ ನಟ್ಟು ಬರಲಿಲ್ಲ. ಪೈಪು ಬಂತು. ಇಬ್ಬರು ಜೋತುಬಿದ್ದರು. ಸ್ಟಡ್ಡು ಮುರಿಯಿತು. ಎರಡನೆಯದಕ್ಕೂ ಅದೇ ಮರ್ಯಾದೆ. “ನೋಡಿ ಸಾರ್, ಎಷ್ಟು ಜಂಗು!” ಎಂದು ತುಂಡನ್ನು ನನ್ನ ಅಂಗೈಗಿಟ್ಟರು.

ತುಂಡಿನ ಮುರಿದ ಮುಖ ಹೊಳೆಯುತ್ತಿತ್ತು. ಥ್ರೆಡ್ಡಿನಲ್ಲಿ ತುಕ್ಕು ಇದ್ದದ್ದು ಅಷ್ಟಕ್ಕಷ್ಟೇ. ಉಳಿದ ಸ್ಟಡ್ಡುಗಳ ತುದಿಯನ್ನು ಬಟ್ಟೆಯಿಂದ ಒರೆಸಿದಾಗ ಒಂದರಲ್ಲಿ ‘ಎಲ್’ ಅಕ್ಷರ ಮಸುಕಾಗಿ ಕಂಡಿತು. ವಿಲ್ಲಿಸ್ ಕಾಲದ ಜೀಪುಗಳಲ್ಲಿ ಎಡ ಚಕ್ರಗಳ ಥ್ರೆಡ್ಡು ಉಲ್ಟಾ. ಓಡುವಾಗ ಚಕ್ರದ ತಿರುಗುವಿಕೆಗೆ ನಟ್ಟು ಸಡಿಲವಾಗಬಾರದೆಂದು ಹಾಗೆ ಮಾಡುತ್ತಿದ್ದರು. ಅಂದರೆ ಇವರು ಅರ್ಧ ಗಂಟೆ ಬೆವರು ಸುರಿಸಿ ನಟ್ಟನ್ನು ಬಿಚ್ಚುತ್ತಿರಲಿಲ್ಲ, ಬಿಗಿ ಮಾಡುತ್ತಿದ್ದರು! ಬಲವೇ ಸಿದ್ಧಾಂತವಾದಾಗ ಆಗುವ ದೊಡ್ಡ ಅನಾಹುತ ಇದೇ. ತಾನು ಯಾವ ದಿಕ್ಕಿಗೆ ತಿರುಗಿಸುತ್ತಿದ್ದೇನೆ ಎಂದು ಕೇಳಿಕೊಳ್ಳುವ ವ್ಯವಧಾನವೇ ಇರುವುದಿಲ್ಲ. ಬಾರದಿರುವುದು ಒಂದು ಸುದ್ದಿ ಎಂದು ತಿಳಿಯುವವನು ಕೈ ನಿಲ್ಲಿಸಿ ನೋಡುತ್ತಾನೆ. ಅದನ್ನು ಅವಮಾನ ಎಂದು ತಿಳಿಯುವವನು ಪೈಪು ತರುತ್ತಾನೆ.

ಮುಂದಿನ ಅಂಕ ಹಬ್ಬಿನದು. ಆ ಜೀಪಿನ ಹಿಂದಿನ ಆಕ್ಸಲ್ ತುದಿ ಗೋಪುರದಂತೆ ಸಣ್ಣಗಾಗುತ್ತ ಬಂದು ಹಬ್ಬಿನೊಳಗೆ ಕಚ್ಚಿ ಕೂತಿರುತ್ತದೆ. ಸ್ಪ್ಲಿಟ್ ಪಿನ್ ತೆಗೆದು ದೊಡ್ಡ ನಟ್ಟು ಬಿಚ್ಚಿದರೂ ಹಬ್ಬು ಜಪ್ಪಯ್ಯ ಎಂದರೂ ಬರುವುದಿಲ್ಲ. ಅವರು ಆಕ್ಸಲ್ ತುದಿಗೇ ದೊಡ್ಡ ಸುತ್ತಿಗೆಯಿಂದ ನಾಲ್ಕು ಕೊಟ್ಟರು. ಥ್ರೆಡ್ಡಿನ ಬಾಯಿ ಅಣಬೆಯಂತೆ ಅರಳಿತು. ಕಣ್ಣಿಗೆ ಕಾಣುವ ಹಾನಿ ಅಷ್ಟು. ಕಾಣದ ಹಾನಿ ಬೇರೆ ಇದೆ: ಆ ಏಟು ಶಾಫ್ಟಿನೊಳಗೆ ಓಡಿ, ಡಿಫರೆನ್ಷಿಯಲ್ ದಾಟಿ, ಆಚೆ ಬದಿಯ ಬೇರಿಂಗಿಗೆ ಬೀಳುತ್ತದೆ. ಎಡಗಡೆ ಹೊಡೆದದ್ದಕ್ಕೆ ಬಲಗಡೆ ನೋವು. ನಾನು ಗಾಡಿಯನ್ನು ಟೋ ಮಾಡಿಸಿಕೊಂಡು ಹೊರಟೆ.

ಹಲಸೂರಿನ ಒಂದು ಸಂದಿಯಲ್ಲಿ, ಲೇತ್ ಅಂಗಡಿಯ ಪಕ್ಕ, ಎಪ್ಪತ್ತರ ಸಮೀಪದ ಒಬ್ಬರು ಉಸ್ತಾದ್ ಇದ್ದರು. ಜೀಪನ್ನು ನೋಡಿ ಅವರು ಮೊದಲು ಮಾಡಿದ್ದು ಚಪ್ಪಲಿ ಬಿಟ್ಟು ಕೆಳಗೆ ಮಲಗಿದ್ದು. ಹದಿನೈದು ನಿಮಿಷ ಟಾರ್ಚು ಹಿಡಿದು ನೋಡಿದರು. ಒಂದು ಪಾನಾವನ್ನೂ ಮುಟ್ಟಲಿಲ್ಲ. ಮುರಿದ ಸ್ಟಡ್ಡುಗಳ ಮೊಂಡಿಗೆ ಹೊಸ ನಟ್ಟಿಟ್ಟು ಒಳಗಿನಿಂದ ವೆಲ್ಡ್ ಮಾಡಿಸಿದರು. ವೆಲ್ಡಿನ ಬಿಸಿಯೇ ಜಾಮ್ ಬಿಡಿಸಿತು, ಹೊಸ ನಟ್ಟು ಹಿಡಿಕೆಯಾಯಿತು. ಆರಿದ ಮೇಲೆ ಕೈಯಲ್ಲೇ ಬಂತು. ‘ಈಸಿ ಔಟ್’ ಹಾಕುವುದಿಲ್ಲವೇ ಎಂದು ನಾನು ಬುದ್ಧಿವಂತಿಕೆ ತೋರಿದೆ. “ಅದು ಒಳಗೆ ಮುರಿದ್ರೆ ನಿಮ್ಮ ಡ್ರಿಲ್ಲೂ ತಿನ್ನಲ್ಲ ಸಾರ್,” ಎಂದರು. ನಿಜ, ಅದರ ಉಕ್ಕು ಡ್ರಿಲ್ ಬಿಟ್ಟಿನಷ್ಟೇ ಗಟ್ಟಿ.

ಹಬ್ಬಿಗೆ ಅವರು ಪುಲ್ಲರ್ ಕಟ್ಟಿದರು. ಅದರ ಕೈಗಳನ್ನು ಸ್ಟಡ್ಡುಗಳಿಗೆ ಸಿಕ್ಕಿಸಿ, ನಡುವಿನ ಸ್ಕ್ರೂವನ್ನು ಆಕ್ಸಲ್ ತುದಿಗೆ ಒತ್ತಿ ತಿರುಗಿಸಿದರು. ಅರಳಿದ ಥ್ರೆಡ್ಡಿನ ಬಾಯಿ ಸರಿಮಾಡಿ, ಆಕ್ಸಲ್ಲಿನ ದೊಡ್ಡ ನಟ್ಟನ್ನು ಮತ್ತೆ ನಾಲ್ಕು ಸುತ್ತು ಹತ್ತಿಸಿಟ್ಟಿದ್ದರು, ಹಬ್ಬು ಒಮ್ಮೆಲೇ ಸಿಡಿದು ಎದೆಗೆ ಬರದಿರಲಿ ಎಂದು. ಸ್ಕ್ರೂ ಇನ್ನು ತಿರುಗದು ಎನ್ನುವಾಗ ಅದರ ತಲೆಗೆ ಒಂದೇ ಒಂದು ಮೆಲ್ಲನೆಯ ಏಟು. ಏನೂ ಆಗಲಿಲ್ಲ. ಅವರು ಕೈ ಒರೆಸಿಕೊಂಡರು. “ಇವತ್ತು ಸಾಕು. ಟೈಟಾಗೇ ಇರ್ಲಿ. ಬೆಳಿಗ್ಗೆ ನೋಡಾಣ.” ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಹಬ್ಬು ಸಡಿಲವಾಗಿ ನಟ್ಟಿಗೆ ಆತು ನಿಂತಿತ್ತು. ರಾತ್ರಿ ಯಾವಾಗಲೋ, ಯಾರೂ ಇಲ್ಲದಾಗ, ತಾನಾಗಿ ಬಿಟ್ಟುಕೊಟ್ಟಿತ್ತು.

ನನ್ನ ಎದುರಾಳಿಗಳು ಇಲ್ಲಿ ನಗುತ್ತಾರೆಂದು ಬಲ್ಲೆ. “ಒಂದು ಬೋಲ್ಟು ಎಷ್ಟ್ರೀ? ನಲವತ್ತು ರೂಪಾಯಿ. ಅದಕ್ಕೆ ಎರಡು ದಿನವೇ?” ಈ ವಾದಕ್ಕೆ ಉತ್ತರ ಬೋಲ್ಟಿನಲ್ಲಿಲ್ಲ, ಬೋಲ್ಟು ಕೂತಿರುವ ಜಾಗದಲ್ಲಿದೆ. ಮುಂದಿನ ಚಕ್ರವನ್ನು ಹೊತ್ತು ತಿರುಗಿಸುವ ನಕಲ್ ಎಂಬ ಎರಕದ ಭಾಗವಿದೆ. ಅದರ ಕಿಂಗ್ ಪಿನ್ ಮುಚ್ಚಳದ ಸಣ್ಣ ಬೋಲ್ಟುಗಳು ಅದರ ಮೈಯೊಳಗೇ ಥ್ರೆಡ್ ಹಿಡಿದಿರುತ್ತವೆ. ಒಂದು ಒಳಗೇ ಮುರಿದರೆ ಡ್ರಿಲ್ಲು ಬೇಕು. ಡ್ರಿಲ್ಲು ಕೂದಲಷ್ಟು ಓರೆ ಹೋದರೆ ಎರಕದ ಥ್ರೆಡ್ಡು ಹೋಯಿತು. ಆಮೇಲೆ ಬುಶ್ಶು, ಲೇತು, ಕೊನೆಗೆ ಶಿವಾಜಿನಗರದ ಗುಜರಿಯಲ್ಲಿ ಇನ್ನೊಂದು ನಕಲ್ಲಿಗೆ ಅಲೆದಾಟ. ಸಿಗುವುದು ಇನ್ನೊಬ್ಬರು ಗ್ಯಾಸು ಹಿಡಿದು ಬಿಸಾಕಿದ್ದೇ ಇರಬಹುದು. ನಲವತ್ತು ರೂಪಾಯಿಯ ಲೆಕ್ಕ ಹೇಳುವವರು ಈ ಎರಡನೆಯ ಬಿಲ್ಲನ್ನು ಮೊದಲನೆಯ ದಿನ ತೋರಿಸುವುದಿಲ್ಲ.

ಸಮಯದ ವಾದಕ್ಕೆ ಮಾತ್ರ ನಾನು ಅರ್ಧ ತಲೆಬಾಗುತ್ತೇನೆ. ಗ್ಯಾರೇಜಿನ ಹುಡುಗನಿಗೆ ದಿನಕ್ಕೆ ಇಷ್ಟು ಗಾಡಿ ಎಂಬ ಒತ್ತಡ. ಮಾಲೀಕನಿಗೆ ಜಾಗದ ಬಾಡಿಗೆ. ಬೆಳಿಗ್ಗೆ ಬಿಟ್ಟು ಸಂಜೆಗೆ ಬೇಕು ಎಂದು ಫೋನಿನ ಮೇಲೆ ಫೋನು ಮಾಡುವವರು ಯಾರು? ನಾವೇ. ನೆನೆಹಾಕಿದ ಎರಡು ದಿನಕ್ಕೆ ಕೂಲಿ ಕೊಡಲು ನಮಗೆ ಹೊಟ್ಟೆಯುರಿ; ಹೊಸ ನಕಲ್ಲಿಗೆ ಸಾವಿರಗಟ್ಟಲೆ ಎಣಿಸುವಾಗ ತಣ್ಣಗಿರುತ್ತೇವೆ, ಯಾಕೆಂದರೆ ಅದು ಕೈಗೆ ಸಿಗುವ ವಸ್ತು. ಕಾಯುವ ಕೆಲಸಕ್ಕೆ ಬಿಲ್ಲಿನಲ್ಲಿ ಒಂದು ಸಾಲು ಬರೆಯಲು ಎಂದು ಕಲಿಯುತ್ತೇವೋ ಅಂದು ಪೈಪುಗಳು ಮೂಲೆ ಸೇರುತ್ತವೆ.

ಕತ್ತರಿಸುವುದೇ ಸರಿಯಾದ ಸಂದರ್ಭಗಳೂ ಇವೆ. ಅವನ್ನು ಮುಚ್ಚಿಟ್ಟು ವಾದ ಗೆಲ್ಲುವ ಆಸೆ ನನಗಿಲ್ಲ. ಸ್ಪ್ರಿಂಗ್ ಪಟ್ಟಾವನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟುಗಳು ಒಮ್ಮೆ ಹಿಗ್ಗಿ ಕೂತವು. ಅವನ್ನು ಬಿಚ್ಚಿದ ಮೇಲೆ ಮತ್ತೆ ಬಳಸಬಾರದು. ಹೇಗೂ ಹೊಸದು ಹಾಕುವುದಾದರೆ ಹಳೆಯದನ್ನು ಎರಡು ದಿನ ಮುದ್ದು ಮಾಡುವುದು ಹುಚ್ಚುತನ. ಗ್ರೈಂಡರಿನಿಂದ ಕೊಯ್ದು ಬಿಸಾಡಿ. ತಲೆ ಪೂರ್ತಿ ರೌಂಡ್ ಆದ ನಟ್ಟಿಗೆ ಚಾಣವಿಟ್ಟು ಸೀಳುವುದು ತಪ್ಪಲ್ಲ. ಯಾವುದನ್ನು ಕಳೆದುಕೊಳ್ಳಬಹುದು, ಯಾವುದನ್ನು ಉಳಿಸಿಕೊಳ್ಳಲೇಬೇಕು ಎಂದು ಮೊದಲೇ ವಿಂಗಡಿಸಿದವನು ಬೇಕಾದರೆ ಗ್ಯಾಸನ್ನೂ ಹಿಡಿಯಲಿ. ನನ್ನ ಜಗಳ ವಿಂಗಡಿಸದೆ ಹಿಡಿಯುವವನ ಜೊತೆ.

ಈಗ ಮೊದಲು ಹೇಳಿದ ತಪ್ಪಿತಸ್ಥನ ಕಡೆಗೆ. ನಟ್ಟು ಜಾಮ್ ಆಗುವುದು ಬಿಚ್ಚುವ ದಿನವಲ್ಲ, ಕಟ್ಟಿದ ದಿನ. ಹಿಂದಿನ ಸಲ ಯಾರೋ ಥ್ರೆಡ್ಡಿನ ಮಣ್ಣನ್ನೂ ಒರೆಸದೆ, ಒಂದು ಹನಿ ಎಣ್ಣೆಯನ್ನೂ ತೋರಿಸದೆ, ಗಾಳಿಯ ಗನ್ನು ಹಿಡಿದು ಅದು ಗರ್ರ್ ಎನ್ನುವುದು ನಿಲ್ಲುವ ತನಕ ಬಿಗಿದಿದ್ದಾನೆ. ಓರೆಯಾಗಿ ಹತ್ತಿದ ನಟ್ಟನ್ನೂ ಗನ್ನು ಹಾಗೇ ಒಳಗೆ ಕಳಿಸಿದೆ. ಬೆರಳಾದರೆ ಮೊದಲ ಸುತ್ತಿಗೇ ಹೇಳುತ್ತಿತ್ತು. “ಟೈಟಾಗಿದೆ ಸಾರ್, ಹತ್ತು ವರ್ಷ ಅಲ್ಲಾಡಲ್ಲ,” ಎಂದು ಆತ ಎದೆ ತಟ್ಟಿಕೊಂಡಾಗ ನಾವು ಟಿಪ್ಸು ಕೊಟ್ಟಿದ್ದೇವೆ. ಹತ್ತು ವರ್ಷ ಅಲ್ಲಾಡದ್ದನ್ನು ಹನ್ನೊಂದನೆಯ ವರ್ಷ ಬಿಚ್ಚಬೇಕಾದವನ ಗತಿಯನ್ನು ಇಬ್ಬರೂ ಯೋಚಿಸಿಲ್ಲ.

“ಗ್ರೀಸ್ ಹಾಕಿದರೆ ಬಿಚ್ಚಿಕೊಳ್ಳುತ್ತೆ” ಎಂಬ ಹೆದರಿಕೆಯ ಬೇರು ಇಲ್ಲೇ ಇದೆ. ನಟ್ಟನ್ನು ಹಿಡಿದಿಡುವುದು ಬೋಲ್ಟಿನ ಸೆಳೆತ. ಕೊಳೆ, ತುಕ್ಕುಗಳ ಜಿಗುಟಲ್ಲ. ಎಣ್ಣೆ ಸೋಕಿದ ಥ್ರೆಡ್ಡಿನಲ್ಲಿ ಅದೇ ಬಲಕ್ಕೆ ಹೆಚ್ಚು ಸೆಳೆತ ಬರುತ್ತದೆ, ಆದ್ದರಿಂದ ಬಿಗಿಯುವ ಬಲವನ್ನು ಕಡಿಮೆ ಮಾಡಿಕೊಳ್ಳಬೇಕು. ಚಕ್ರದ ನಟ್ಟನ್ನು ಒಣಗಿದ್ದಾಗಲೇ ಬಿಗಿಯಿರಿ ಎಂದು ತಯಾರಕರು ಹೇಳಿದ್ದರೆ ಹಾಗೇ ಮಾಡಬೇಕು. ಬ್ರೇಕಿನ ಹತ್ತಿರ ಗ್ರೀಸು ಸುಳಿಯಲೂ ಬಾರದು. ಉಳಿದೆಡೆ, ಸ್ಪ್ರಿಂಗಿನ ಶ್ಯಾಕಲ್ಲಿಗೋ ಡಿಫರೆನ್ಷಿಯಲ್ ಮುಚ್ಚಳದ ಬೋಲ್ಟಿಗೋ ಒಂದು ಚಿಟಿಕೆ ತಾಮ್ರದ ಗ್ರೀಸು ಸವರಿದರೆ ಕಳೆದುಕೊಳ್ಳುವುದು ಒಂದು ನಿಮಿಷ. 1944ರಲ್ಲಿ, ಎರಡನೆಯ ಮಹಾಯುದ್ಧ ಉರಿಯುತ್ತಿದ್ದಾಗ, ಅಮೆರಿಕದ ಸೇನೆ ಜೀಪಿಗಾಗಿ ಟಿಎಂ 9-803 ಎಂಬ ಕೈಪಿಡಿ ಹೊರಡಿಸಿತು. ಎಲ್ಲೆಲ್ಲಿ, ಎಷ್ಟೆಷ್ಟು ಮೈಲಿಗೆ ಗ್ರೀಸು ಹಚ್ಚಬೇಕೆಂಬ ಪಟ್ಟಿ ಅದರಲ್ಲಿದೆ. ಗುಂಡು ಹಾರುವ ಕಡೆ ಸಿಗುತ್ತಿದ್ದ ಪುರುಸೊತ್ತು ನಮಗೆ ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿನಲ್ಲಿ ಸಿಗುವುದಿಲ್ಲ!

ವಾರಾಂತ್ಯದ ಆಫ್-ರೋಡ್ ವೀರರಿಗೂ ಒಂದು ಮಾತು ಉಳಿದಿದೆ. ಓಡಿ ಕಾದ ಹಬ್ಬನ್ನು ಹಳ್ಳದ ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಮಲ್ಪೆಯ ಮರಳಿನಲ್ಲಿ ಓಡಿಸಿದ ಗಾಡಿ ಉಪ್ಪು ಹೊತ್ತು ಬರುತ್ತದೆ. ಭಾನುವಾರ ರಾತ್ರಿ ಬಾನೆಟ್ಟಿನ ಕೆಸರಿನೊಂದಿಗೆ ಫೋಟೋ ತೆಗೆಸಿಕೊಂಡು ಹಾಗೇ ನಿಲ್ಲಿಸುವವರು ಮೂರು ವರ್ಷದ ಮುಂದಿನ ಗ್ಯಾಸ್ ಕಟ್ಟರನ್ನು ಅಂದೇ ಮುಂಗಡ ಕೊಟ್ಟು ಗೊತ್ತು ಮಾಡಿದ್ದಾರೆ.

ಉಸ್ತಾದರ ಅಂಗಡಿಯಲ್ಲಿ ಜೀಪು ಮುಗಿದ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಹೊಸ ಸ್ಟಡ್ಡುಗಳಿಗೆ ಅವರು ನಟ್ಟುಗಳನ್ನು ಮೊದಲು ಬರಿ ಬೆರಳಲ್ಲೇ ಹತ್ತಿಸಿದರು, ಒಂದೊಂದನ್ನೂ ಕೊನೆಯ ತನಕ. ಆಮೇಲೆ ಪಾನಾ ಹಾಕಿ, ಎದುರುಬದುರಾಗಿ, ಪೈಪಿಲ್ಲದೆ ಬಿಗಿದರು. ಕೊನೆಗೆ ಒಂದು ಡಬ್ಬಿಯಿಂದ ಬಿಳಿ ಪೇಂಟು ತೆಗೆದು, ಎಡ ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಮೈಗೆ, ಮಲಗಿ ನೋಡಿದವನಿಗಷ್ಟೇ ಕಾಣುವ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ ‘ಉಲ್ಟಾ’ ಎಂದು ಬರೆದರು. ಇನ್ನು ಈ ಗಾಡಿಗೆ ನೀವೇ ಅಲ್ಲವೇ ಉಸ್ತಾದ್, ನಿಮಗೆ ಗೊತ್ತಲ್ಲ, ಇದು ಯಾರಿಗೆ ಎಂದು ಕೇಳಿದೆ.

“ನನ್ನ ಮೇಲೆ ಬರೋನಿಗೆ,” ಎಂದರು. ಡಬ್ಬಿಯ ಮುಚ್ಚಳದ ಅಂಚಿಗೆ ಒಂದಿಷ್ಟು ಗ್ರೀಸು ಸವರಿ ಮುಚ್ಚಿದರು.